ಮಾವ ಪಾಯಿಂಟ್ ಗಾರ್ಡ್ ಹುಡುಕಿದ್ದು

ನನ್ನ ಸೋದರಮಾವ ಮದುವೆಮನೆಗೆ ಹೋಗುವುದು ಊಟಕ್ಕಲ್ಲ, ಬ್ಯಾಸ್ಕೆಟ್‌ಬಾಲ್ ಆಟಗಾರರನ್ನು ಹುಡುಕಲು ಎಂದರೆ ನೀವು ನಂಬುತ್ತೀರಾ? ಪೂರ್ತಿ ನಂಬಬೇಡಿ. ಊಟವನ್ನೂ ಅವರು ಬಿಟ್ಟವರಲ್ಲ!

ಪಡೀಲಿನಲ್ಲಿ ಮಾವನಿಗೊಂದು ಹೋಟೆಲ್, ಅದರ ಹಿಂದಿನ ಅಂಗಳದಲ್ಲಿ ಒಂದು ಬ್ಯಾಸ್ಕೆಟ್‌ಬಾಲ್ ತಂಡ. ಹೋಟೆಲ್ ದುಡಿಯುತ್ತಿತ್ತು, ತಂಡ ತಿನ್ನುತ್ತಿತ್ತು. ಪಾಯಿಂಟ್ ಗಾರ್ಡ್ ಸ್ವತಃ ಮಾವನೇ. ಎಂದರೆ, ಚೆಂಡನ್ನು ತಟ್ಟುತ್ತಾ ಮುಂದಕ್ಕೆ ತಂದು, ಯಾರಿಗೆ ಯಾವಾಗ ಕೊಡಬೇಕೆಂದು ನೋಡಿ ಕೊಡುವವರು. ನಮ್ಮ ಮನೆ ಪಕ್ಕದಲ್ಲೇ, ನನ್ನ ಬಾಲ್ಯದ ಸಂಜೆಗಳೆಲ್ಲ ಆ ಚೆಂಡಿನ ಸದ್ದಿನಲ್ಲೇ ಕಳೆದವು. ಅಮ್ಮ ದೇವರಿಗೆ ದೀಪ ಹಚ್ಚುತ್ತಿದ್ದದ್ದು ಗಡಿಯಾರ ನೋಡಿ ಅಲ್ಲ, ಆ ಸದ್ದು ಕೇಳಿ. ಇಂದಿಗೂ ಸಂಜೆಯಾದರೆ ಕಿವಿ ಅದನ್ನು ಹುಡುಕುತ್ತದೆ.

ಐವತ್ತೈದು ದಾಟಿದ ಮೇಲೂ ಮಾವ ಆಟ ಬಿಡಲಿಲ್ಲ. ಕಡೆಗೆ ಮಂಡಿಯೇ ಮಾವನ ಕೈಬಿಟ್ಟಿತು! "ಇನ್ನು ಓಡಿದ್ರೆ ನಡೀಲಿಕ್ಕೂ ಆಗ್ಲಿಕ್ಕಿಲ್ಲ" ಎಂದರು ಡಾಕ್ಟರು. ಪಂದ್ಯಾವಳಿ ಹತ್ತಿರ ಬಂದಿತ್ತು. ಹೊಸ ಪಾಯಿಂಟ್ ಗಾರ್ಡ್ ಸಿಗದಿದ್ದರೆ ತಂಡವನ್ನೇ ಮುಚ್ಚೋಣ ಎಂದು ಹುಡುಗರು ಹೇಳಿಬಿಟ್ಟರು. ಬೇರೆ ಯಾವ ತಂಡಕ್ಕೂ ಸೇರದವನು ಬೇಕು, ನಮ್ಮ ಕೈಗೆಟಕುವವನೂ ಆಗಬೇಕು. ಕಾರು ಓಡಿಸಲು ನಾನಿದ್ದೆನಲ್ಲ! ಹೆಣ್ಣು ನೋಡಲು ಹೊರಟವರ ಹಾಗೆ ಇಬ್ಬರೂ ಹೊರಟೆವು.

ವಾಮಂಜೂರಿನ ಮೊದಲ ಹುಡುಗ ಆರಡಿ ಎತ್ತರ. ಮಾವ ಅವನ ಆಟವನ್ನು ನೋಡಲೇ ಇಲ್ಲ. ಅವನ ಅಮ್ಮನ ಹತ್ತಿರ, "ಮನೆಯಲ್ಲಿ ಮೀನಿನ ದೊಡ್ಡ ತುಂಡು ಯಾರಿಗೆ?" ಎಂದು ಕೇಳಿದರು. "ಇವನಿಗೇ" ಎಂದು ಆಕೆ ಪ್ರೀತಿಯಿಂದ ಹೇಳಿದ್ದೇ ತಡ, ಮಾವ ಎದ್ದರು.

"ದೊಡ್ಡ ತುಂಡು ತಾನೇ ತಿನ್ನುವವ ಪಾಸ್ ಕೊಡ್ತಾನಾ ಮಾರಾಯ್ತಿ?"

ಎರಡನೆಯವನಿಗೆ ಸಂಬಳದ ಬದಲು ನಮ್ಮ ಹೋಟೆಲಿನಲ್ಲಿ ಎರಡು ಹೊತ್ತಿನ ಊಟ ಎಂದು ಮಾತಾಯಿತು. ಅವನು ಮೊದಲ ದಿನ ಉಂಡ ಪರಿಯನ್ನು ಗಲ್ಲಾದಲ್ಲಿ ಕುಳಿತ ಅತ್ತೆ ಕಣ್ಣು ಮಿಟುಕಿಸದೆ ನೋಡಿದರು. "ಇವನಿಗೆ ಸಂಬಳವೇ ಕೊಡಿ. ನಮಗೆ ಅದೇ ಲಾಭ!" ಸಂಬಳಕ್ಕೆ ದುಡ್ಡೆಲ್ಲಿ? ಅವನೂ ಹೋದ.

ಮೂರನೆಯವನದು ಮಾತು ಜಾಸ್ತಿ, ನಾಲ್ಕನೆಯವನದು ಮಾತೇ ಇಲ್ಲ. ಅತ್ತೆಗೆ ರೇಗಿತು. "ಯಾರೂ ಆಗುದಿಲ್ಲ ನಿಮಗೆ. ಒಬ್ಬ ಆಗಿಬಿಟ್ರೆ ನೀವು ಕೂರ್ಬೇಕಲ್ಲ!"

ಮಾವ ಅಂದು ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಆಮೇಲೆ ಬಂತು ಬಿಕರ್ನಕಟ್ಟೆಯ ಹತ್ತಿರ ಒಂದು ಮದುವೆ. ಮದುಮಗನ ಗೆಳೆಯನೊಬ್ಬ ಪಾಯಸ ಬಡಿಸುತ್ತಿದ್ದ. ಒಂದು ಮಗು ಕಾಲಿಗೆ ಅಡ್ಡ ಓಡಿತು. ಬಕೆಟ್ ವಾಲಿತು, ಒಂದು ಹನಿಯೂ ಚೆಲ್ಲಲಿಲ್ಲ. ಮೂಲೆಯ ಅಜ್ಜಿ ಬೇಕೆಂದು ಬಾಯಿ ತೆರೆಯುವ ಮೊದಲೇ ಅವರ ಎಲೆಗೆ ಪಾಯಸ ಬಿದ್ದಿತ್ತು. ಬಡಿಸುವವ ನಮ್ಮವನಾದರೆ ಕೊನೆಯ ಪಂಕ್ತಿಯಲ್ಲಿ ಕುಳಿತರೇನು ಎಂಬ ಗಾದೆಯಿದೆಯಲ್ಲ? ಇವನಿಗೆ ಇಡೀ ಸಭಾಂಗಣವೇ ನಮ್ಮವರು!

ಮಾವ ನನ್ನ ಮೊಣಕೈ ಹಿಸುಕಿದರು. "ನೋಡು, ನೋಡು! ಅಲ್ಲಿ ನೋಡಿಕೊಂಡು ಇಲ್ಲಿ ಬಡಿಸ್ತಾನೆ!"

ವಿಚಾರಿಸಿದರೆ, ಅವನು ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವನೇ. ಈಗ ಮನೆತನದ ಮೀನಿನ ವ್ಯಾಪಾರ.

"ನಮ್ಮ ತಂಡಕ್ಕೆ ಬರ್ತೀಯಾ? ಎಂತ ಕೊಡ್ಬೇಕು?"

"ಎಂತ ಬೇಡ ಸರ್. ಬೆಳಿಗ್ಗೆ ಬೇಗ ಬಂದರಿಗೆ ಹೋಗ್ಲಿಕ್ಕುಂಟು. ರಾತ್ರಿ ತಡ ಮಾಡದಿದ್ರೆ ಸಾಕು."

ಮಾವ ಕುಳಿತಲ್ಲಿಂದಲೇ ಕೈ ಚಾಚಿದರು. ಎಂಜಲು ಕೈ! ಅವನು ಬಕೆಟ್ ಕೆಳಗಿಟ್ಟು ಆ ಕೈಯನ್ನೇ ಕುಲುಕಿದ.

ಮರಳುವಾಗ ಕಾರಿನಲ್ಲಿ ನಾನೇ ಕೇಳಿದೆ.

"ಸಿಕ್ಕಿದ ಅಲ್ವಾ ಮಾವ?"

"ಸಿಕ್ಕಿದ" ಎಂದರು, ಕಿಟಕಿಯ ಕಡೆ ತಿರುಗಿ.

ಪಂದ್ಯದ ದಿನ ಮಾವ ಬೆಂಚಿನಲ್ಲಿ ನನ್ನ ಪಕ್ಕ ಕುಳಿತರು. ಆಡುವುದಿಲ್ಲವೆಂದು ಗೊತ್ತಿದ್ದೂ ಶೂ ಕಟ್ಟಿಕೊಂಡು ಬಂದಿದ್ದರು. ಹೊಸಬ ಚೆಂಡು ತಟ್ಟುತ್ತಾ ಬಂದ. "ನಿಧಾನ... ಎಡಕ್ಕೆ ಕೊಡು, ಎಡಕ್ಕೆ" ಎಂದು ಮಾವ ಗೊಣಗಿದರು. ಅವನು ಎಡಕ್ಕೇ ಕೊಟ್ಟ. ಚೆಂಡು ಬಲೆಯೊಳಗಿಂದ ಇಳಿಯಿತು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಮಾವ ತಟ್ಟಲಿಲ್ಲ. ಅವರ ಎರಡೂ ಕೈಗಳು ತೊಡೆಯ ಮೇಲೆ ಬೆರಳು ಬಿಡಿಸಿಕೊಂಡು, ಚೆಂಡು ಬರುತ್ತದೆಂದು ಕಾಯುತ್ತಿದ್ದವು.

ನನ್ನ ಕೈಯನ್ನು ಆ ಕೈಗಳ ನಡುವೆ ಇಟ್ಟೆ.

"ಒಳ್ಳೆ ಹುಡುಗ" ಎಂದರು ಮಾವ, ಆಟದಿಂದ ಕಣ್ಣು ತೆಗೆಯದೆ. ಪಂದ್ಯ ಮುಗಿಯುವವರೆಗೂ ನನ್ನ ಕೈ ಬಿಡಲಿಲ್ಲ.