ಹವಳದ ತೊಟ್ಟಿಗೆ ಜುಲಾಬಿನ ಉಪ್ಪು

ನನ್ನ ವಿಷಯ ಇನ್ನೊಬ್ಬರಿಗೆ ತಿಳಿಯುವುದೆಂದರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಬಸ್ಸಿನಲ್ಲಿ ಪಕ್ಕದವರು ಎಲ್ಲಿಗೆಂದು ಕೇಳಿದರೆ ಒಂದು ಸ್ಟಾಪು ಹಿಂದಿನ ಹೆಸರು ಹೇಳುತ್ತೇನೆ. ಹೇಳಿದ ತಪ್ಪಿಗೆ ಅಲ್ಲಿಯೇ ಇಳಿದು ಬಿಸಿಲಲ್ಲಿ ನಡೆದದ್ದೂ ಉಂಟು. ಇಂಥವಳ ಹೊಟ್ಟೆಯ ಸಮಾಚಾರ ಕಲಬುರಗಿಯಿಂದ ಕಮಲಾಪುರದವರೆಗೆ ಹಬ್ಬಿತು.

ಕಾರಣ, ಸಮುದ್ರವಿರುವ ಊರಿಗೆ ವರ್ಗವಾದ ಗೆಳತಿಯೊಬ್ಬಳು ಸಮುದ್ರವಿಲ್ಲದ ಊರಿನಲ್ಲಿ ನನಗೆ ಬಿಟ್ಟುಹೋದ ಉಪ್ಪುನೀರಿನ ಗಾಜಿನ ತೊಟ್ಟಿ. ಅದರಲ್ಲಿ ಎರಡು ಹವಳ, ಪಾಚಿ ತಿನ್ನುವ ಐದು ಬಸವನಹುಳು. ಹವಳ ಬೆಳೆಯಲು ನೀರಿನಲ್ಲಿ ಮೆಗ್ನೀಷಿಯಂ ಸರಿಯಾಗಿರಬೇಕು. ಪರೀಕ್ಷೆ ಸುಲಭ: ತೊಟ್ಟಿಯಿಂದ ಒಂದಿಷ್ಟು ನೀರು ತೆಗೆದು ಪರೀಕ್ಷೆಯ ಪುಡಿ ಬೆರೆಸಿದರೆ ಗುಲಾಬಿಯಾಗುತ್ತದೆ, ಸಿರಿಂಜಿನಿಂದ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ನೀಲಿಯಾದಾಗ ನಿಲ್ಲಿಸಬೇಕು. ಹನಿ ಹೆಚ್ಚು ಹಿಡಿದರೆ ಮೆಗ್ನೀಷಿಯಂ ಹೆಚ್ಚು. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು, ಒಂದು ಹನಿ ಜಾಸ್ತಿ ಬಿಟ್ಟ ಹುಡುಗಿಯರ ಅಂಕ ಕತ್ತರಿಸುವವಳು. ನನ್ನ ಪರೀಕ್ಷೆಯಲ್ಲಿ ಮೆಗ್ನೀಷಿಯಂ ಕಡಿಮೆ ಬಂತು.

ಕೊರತೆ ತುಂಬುವ ಮೆಗ್ನೀಷಿಯಂ ಸಲ್ಫೇಟು ನಮ್ಮಲ್ಲಿ ಸಿಗುವುದು ಔಷಧದಂಗಡಿಯಲ್ಲಿ, ಹೊಟ್ಟೆ ಸಾಫ್ ಮಾಡುವ ಜುಲಾಬಿನ ಉಪ್ಪಾಗಿ. ಸ್ಟೇಶನ್ ಬಜಾರದಲ್ಲಿ ಅರ್ಧ ಕಿಲೋ ಕೇಳಿದೆ.

"ಯಾರಿಗ್ರಿ, ಅಕ್ಕೋರೆ?" ಎಂದರು ಅಂಗಡಿಯವರು.

ತೊಟ್ಟಿಗೆ ಎಂದರೆ ಇನ್ನೂ ಹತ್ತು ಪ್ರಶ್ನೆ ಬರುತ್ತವೆ. "ನನಗೇ" ಎಂದೆ.

"ಅರ್ಧ ಕಿಲೋ! ತಕಲೀಫ್ ಭಾಳ ದಿನದ್ದೇನ್ರಿ?"

ಅಷ್ಟು ಹಾಕಿದರೂ ಪರೀಕ್ಷೆಯಲ್ಲಿ ಕಡಿಮೆಯೇ ಬಂತು; ಮರುವಾರ ಮತ್ತೆ ಅರ್ಧ ಕಿಲೋ. ಮೂರನೆಯ ವಾರ ನಾನು ಬಾಯಿ ತೆರೆಯುವ ಮೊದಲೇ ಅವರು ನಾಲ್ಕು ಜನರೆದುರು, "ಇನ್ನೂ ಆಗಿಲ್ಲೇನ್ರಿ?" ಎಂದು ಮರುಗಿದರು.

ಅಂಗಡಿಯವರ ಊರು ಕಮಲಾಪುರ. ಅದೇ ಊರಿನಲ್ಲಿರುವ ನನ್ನ ದೊಡ್ಡವ್ವ ಭಾನುವಾರ ಕೆಂಪು ಬಾಳೆಯ ಗೊನೆ ಹೊರಿಸಿಕೊಂಡು ಬಂದಿಳಿದಳು.

"ಓಣಿ ಮಂದಿ ಎಲ್ಲಾ ಕೇಳಾಕತ್ತಾರ, ನಿಮ್ಮ ತಂಗಿ ಮಗಳ ಹೊಟ್ಟಿ ಹ್ಯಾಂಗದ ಅಂತ. ಮೊದಲ ತಿನ್ನು, ಆಮ್ಯಾಲ ಮಾತಾಡು."

ನಾಲ್ಕು ಹಣ್ಣು ತಿಂದ ಮೇಲೆ ಮಾತಿಗೆ ಅವಕಾಶ ಸಿಕ್ಕಿತು. ತೊಟ್ಟಿ ತೋರಿಸಿದೆ. "ಈ ಹುಳಾ ಯಾಕ ಅಂಗಾತ ಬಿದ್ದಾವ?" ಎಂದಳು. ಹವಳದ ಮೇಲೆ ಕಣ್ಣಿಟ್ಟಿದ್ದ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಗಾಬರಿಯಾಗಿ ಅವಳೆದುರೇ ಪರೀಕ್ಷೆ ಮಾಡಿದೆ. "ನೋಡು, ನೀಲಿ ಆತು" ಎಂದು ಸಿರಿಂಜು ನಿಲ್ಲಿಸಿದೆ.

ದೊಡ್ಡವ್ವ ಸೀರೆಯ ಬಣ್ಣವನ್ನು ಕಣ್ಣಲ್ಲೇ ಹಿಡಿದು ಬಜಾರಕ್ಕೆ ಹೋಗಿ, ಅದಕ್ಕೆ ತಕ್ಕ ಕುಪ್ಪಸದ ಬಟ್ಟೆ ತರಬಲ್ಲವಳು. "ಇದು ನೀಲಿ? ಹುಚ್ಚಿ, ಇದು ಬದನಿಕಾಯಿ ಬಣ್ಣ. ನಿನಗ ಬಟ್ಟಿ ಅಂಗಡ್ಯಾಂವ ಯಾವ ಬಣ್ಣಾ ಬೇಕಾದ್ರೂ ಕಟ್ಟಿ ಕಳಸ್ತಾನ. ಇನ್ನ ಹಾಕು!"

ಹಾಕಿದೆ. ಒಂದು ಹನಿ ಜಾಸ್ತಿಯಾದೀತೆಂಬ ಭಯದಲ್ಲಿ ಮೂರು ವಾರವೂ ಬದನೆಕಾಯಿಯಲ್ಲೇ ನಿಂತುಬಿಟ್ಟಿದ್ದೆ. ನಿಜವಾದ ನೀಲಿ ಬಂದಾಗ ಲೆಕ್ಕ ನೋಡಿದರೆ ಮೆಗ್ನೀಷಿಯಂ ಮಿತಿ ಮೀರಿತ್ತು. ಅದು ಹೆಚ್ಚಾದರೆ ಬಸವನಹುಳುಗಳಿಗೆ ಮಂಪರು ಬರುತ್ತದೆ; ಆ ಅಮಲಿನಲ್ಲೇ ಅವು ಉರುಳಿದ್ದವು. ದಿನಕ್ಕಿಷ್ಟು ನೀರು ತೆಗೆದು ಹೊಸ ಉಪ್ಪುನೀರು ತುಂಬುತ್ತ ಬಂದೆ. ಬುಧವಾರ ಕೊನೆಯ ಹುಳು ಗಾಜು ಹತ್ತುವವರೆಗೂ ದೊಡ್ಡವ್ವ ಊರಿಗೆ ಹೊರಡಲಿಲ್ಲ.

ಮರುದಿನ ತಲೆನೋವಿನ ಮಾತ್ರೆಗೆ ಅದೇ ಅಂಗಡಿಗೆ ಹೋದೆ.

"ಅಕ್ಕೋರೆ, ಈಗ ಹ್ಯಾಂಗದ್ರಿ?"

ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. ಹೇಳಿದರೆ ತೊಟ್ಟಿಯ ಸುದ್ದಿ, ಆಮೇಲೆ ಹನಿಯ ಸುದ್ದಿ, ಕೊನೆಗೆ ನೀಲಿ ಯಾವುದೆಂದು ತಿಳಿಯದ ಸುದ್ದಿ. ಪಕ್ಕದಲ್ಲಿ ನಿಂತಿದ್ದವರು, ನಾನು ಅಂಕ ಕತ್ತರಿಸಿದ ಇಬ್ಬರು ಹುಡುಗಿಯರು.

"ಈಗ ಸಾಫ್ ಆಗ್ತದ್ರಿ" ಎಂದೆ.