ಮ್ಯಾಲಕಿಯ ಸದ್ಗತಿಗೆ ಬಿದ್ದ ದಂಡ

"ಕೋರ್ಟಿಗೆ ಹೋಗ್ತೀನಿ! ಬೇಕಾದ್ರೆ ಡಬ್ಲಿನ್‌ವರೆಗೂ ಹೋಗ್ತೀನಿ! ಈ ದಂಡ ಮಾತ್ರ ನಾನು ಕಟ್ಟಲ್ಲ!"

ಹೀಗೆ ಘೋಷಿಸಿ ನಾನು ಪಬ್ಬಿನ ಕಟ್ಟೆಯ ಮೇಲೆ ಮುಷ್ಟಿ ಗುದ್ದಿದೆ. ಮೂರು ಲೋಟ ಕುಣಿದವು. ನನ್ನ ಹೆಂಡತಿ ಡಿಂಪ್ನಾ ಅವುಗಳಲ್ಲಿ ಎರಡನ್ನು ಹಿಡಿದಳು.

"ಒಂದು ಲೋಟ ಹೋಯ್ತು. ಅದೂ ನಿನ್ನ ದಂಡಕ್ಕೇ ಸೇರಿಸ್ಕೋ," ಎಂದಳು.

ನಮ್ಮದು ಐರ್ಲೆಂಡಿನ ರಾಸ್‌ಕಾಮನ್ ಸೀಮೆಯ ಕಿಲ್‌ಟರ್ಲಿ ಎಂಬ ಊರು. ಮುಂದೆ ಪಬ್ಬು, ಹಿಂದೆ ಶವಪೆಟ್ಟಿಗೆಗಳ ಕೋಣೆ. ಮುಂಬಾಗಿಲಿನ ಗಿರಾಕಿಗಳನ್ನು ಡಿಂಪ್ನಾ ನೋಡಿಕೊಳ್ಳುತ್ತಾಳೆ. ಅವರು ಹಿಂಬಾಗಿಲಿಗೆ ಬಂದಾಗ ನಾನು ನೋಡಿಕೊಳ್ಳುತ್ತೇನೆ. ನಮ್ಮಜ್ಜನ ಕಾಲದಿಂದಲೂ ಈ ಊರಿನ ಸಕಲರಿಗೂ ಸದ್ಗತಿ ಕಾಣಿಸುತ್ತ ಬಂದ ಮನೆತನ ನಮ್ಮದು. ಅಜ್ಜ ಕುದುರೆ ಗಾಡಿ ಹೊಡೆದ. ಅಪ್ಪ ಕರಿ ಕಾರು ಓಡಿಸಿದ. ನಾನು, ಫಿಂಟನ್ ಗೆರಟಿ, ಅದಕ್ಕಿಂತ ಉದ್ದದ, ಅದಕ್ಕಿಂತ ಕರ್ರಗಿನ ಕಾರು ಓಡಿಸುತ್ತೇನೆ. ಓಡಿಸುತ್ತೇನೆ ಎನ್ನುವುದೂ ತಪ್ಪು. ನನ್ನ ಗಾಡಿ ಓಡುವುದಿಲ್ಲ, ಚಿತ್ತೈಸುತ್ತದೆ! ಹಾದಿಯಲ್ಲಿ ಗಂಡಸರು ಟೋಪಿ ತೆಗೆದು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ, ಮತ್ತೆ ಟೋಪಿ ಹಾಕಿಕೊಳ್ಳುವಷ್ಟರಲ್ಲಿ ನಾನಿನ್ನೂ ಅವರೆದುರಿಗೇ ಇರುತ್ತೇನೆ.

ಅಂಥ ನನಗೆ, ಅಂಥ ಗಾಡಿಗೆ, ಅತಿವೇಗದ ದಂಡ! ಅರವತ್ತರ ಮಿತಿಯ ರಸ್ತೆಯಲ್ಲಿ ಎಂಬತ್ತೇಳರಲ್ಲಿ ಹೋದೆನಂತೆ! ಸದ್ಗತಿ ಕಾಣಿಸುವವನ ಗತಿಯೇ ಜಾಸ್ತಿಯಾಯಿತಂತೆ!

"ಸುಮ್ನೆ ಕಟ್ಟಿಬಿಡು ಫಿಂಟನ್," ಎಂದಳು ಡಿಂಪ್ನಾ. "ಕಟ್ಟಿದ್ರೆ ನಿನಗೆ ಗೊತ್ತು, ನನಗೆ ಗೊತ್ತು, ಅಷ್ಟೇ. ಕೋರ್ಟಿಗೆ ಹೋದ್ರೆ ಪೇಪರ್ನಲ್ಲಿ ಬರುತ್ತೆ. ಈ ಊರಲ್ಲಿ ಜನ ಬೈಬಲ್ ಓದದಿದ್ರೂ ಕೋರ್ಟಿನ ಸುದ್ದಿ ಬಿಡಲ್ಲ."

"ಬರಲಿ! ಸತ್ಯ ಪೇಪರ್ನಲ್ಲಿ ಬರಲಿ!"

"ಸತ್ಯ ಏನು? ನೀನು ಜೋರಾಗಿ ಹೋಗಿದ್ಯೋ ಇಲ್ವೋ?"

"ನಾನು ವೇಗದ ಮುಳ್ಳು ನೋಡಲಿಲ್ಲ! ಮಾನವಂತರು ಅದನ್ನೆಲ್ಲ ನೋಡ್ತಾ ಕೂರಲ್ಲ!"

"ಹೌದೌದು, ಅದಕ್ಕೇ ಮಾನ ಹೋಗ್ತಿರೋದು," ಎಂದು ಅವಳು ಒಡೆದ ಗಾಜು ಗುಡಿಸತೊಡಗಿದಳು.

ಆವತ್ತು ನಡೆದದ್ದನ್ನು ಹೇಳಿಬಿಡುತ್ತೇನೆ. ನ್ಯಾಯ ಯಾರ ಕಡೆಗಿತ್ತೆಂದು ನೀವೇ ಹೇಳಿ.

ತೀರಿಕೊಂಡವನು ಮ್ಯಾಲಕಿ ಹ್ಯಾನ್ಲಿ. ಒಳ್ಳೆಯ ಮನುಷ್ಯ, ಒಳ್ಳೆಯ ರೈತ, ಮತ್ತು ಇಡೀ ರಾಸ್‌ಕಾಮನ್ನಿನಲ್ಲಿ ಅವನಷ್ಟು ಮೆಲ್ಲಗೆ ಗಾಡಿ ಓಡಿಸುವವನು ಹುಟ್ಟಿರಲಿಲ್ಲ. ಟ್ರಾಕ್ಟರ್ ಆಗಲಿ ಕಾರಾಗಲಿ, ಅವನಿಗೆ ಒಂದೇ. ಅವನ ಕಾರಿನ ಮೂರನೇ ಗೇರು ಕೊನೆಯವರೆಗೂ ಕನ್ಯೆಯಾಗಿಯೇ ಉಳಿಯಿತು. ಅವನ ಹಿಂದೆ ಸಿಕ್ಕಿಹಾಕಿಕೊಂಡು ಮದುವೆಗೆ ಹೊರಟವರು ನಾಮಕರಣಕ್ಕೆ ಮುಟ್ಟಿದರು ಎಂದು ನಮ್ಮ ಪಬ್ಬಿನಲ್ಲಿ ಹೇಳುತ್ತಿದ್ದರು. ಆ ಕಾರಿನಲ್ಲಿ, ಅವನ ಪಕ್ಕದಲ್ಲಿ, ಇಡೀ ಸಂಸಾರದುದ್ದಕ್ಕೂ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ಅವನ ಹೆಂಡತಿ ಕನ್ಸೆಪ್ಟಾ.

ಮ್ಯಾಲಕಿ ಗಾಲ್ವೆಯ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟ. ಬೆಳಿಗ್ಗೆ ಅಲ್ಲಿಂದ ಅವನನ್ನು ಕರೆದುಕೊಂಡು ಹನ್ನೊಂದರ ಶವಸಂಸ್ಕಾರದ ಪೂಜೆಗೆ ನಮ್ಮೂರ ಚರ್ಚಿಗೆ ಬರಬೇಕಿತ್ತು. "ನಾನು ಅವರ ಜೊತೆಗೇ ಬರ್ತೀನಿ," ಎಂದು ಕನ್ಸೆಪ್ಟಾ ನನ್ನ ಪಕ್ಕದ ಸೀಟಿನಲ್ಲಿ ಕೂತಳು. ಹಿಂದೆ ಪೆಟ್ಟಿಗೆ. ಗಾಡಿಯ ನೆತ್ತಿಯ ಮೇಲೆ ರೈತರ ಸಂಘದವರು ಪ್ರೀತಿಯಿಂದ ಮಾಡಿಸಿದ ಹೂವಿನ ಟ್ರಾಕ್ಟರ್, ಕೆಂಪು ಹೂವಿನ ಮೈ, ಕಪ್ಪು ರಿಬ್ಬನ್ನಿನ ಚಕ್ರ.

ಅರ್ಧ ದಾರಿಯವರೆಗೆ ಎಲ್ಲವೂ ಗಂಭೀರವಾಗಿಯೇ ಇತ್ತು. ಆಮೇಲೆ ಒಂದು ಅಡ್ಡದಾರಿಯಿಂದ ಹುಲ್ಲಿನ ಉರುಳೆಗಳನ್ನು ಹೇರಿಕೊಂಡ ಟ್ರಾಕ್ಟರ್ ಒಂದು ನಮ್ಮ ಮುಂದೆ ಬಂತು. ಅದರ ಹಿಂದೆ ನಾವು. ದಾರಿ ಬಿಡಲಿಲ್ಲ, ಬಿಡಲಿಲ್ಲ, ಮೈಲಿಗಟ್ಟಲೆ ಬಿಡಲಿಲ್ಲ! ಪಾದ್ರಿ ಲೋಹನ್ ಫೋನು ಮಾಡಿದರು.

"ಫಿಂಟನ್, ಎಲ್ಲಿದ್ದೀಯ? ಪೂಜೆ ಮುಗಿಸಿ ನಾನೊಂದು ಮದುವೆ ಮಾಡಿಸೋಕೆ ಹೋಗ್ಬೇಕು. ಹನ್ನೊಂದಕ್ಕೆ ಶುರು ಮಾಡ್ತೀನಿ. ಮ್ಯಾಲಕಿ ಬಂದ್ರೆ ಸಂತೋಷ."

ಫೋನಿಟ್ಟೆ. ಕನ್ಸೆಪ್ಟಾ ಮುಂದಿನ ಟ್ರಾಕ್ಟರನ್ನೇ ನೋಡುತ್ತಿದ್ದಳು.

"ಫಿಂಟನ್," ಎಂದಳು, "ಇದನ್ನ ಹಿಂದೆ ಹಾಕು."

"ಅಮ್ಮಾ, ಹೆಣದ ಗಾಡಿ ಯಾರನ್ನೂ ಹಿಂದೆ ಹಾಕೋದಿಲ್ಲ. ಅದು ಮರ್ಯಾದೆ ಅಲ್ಲ."

"ಪೂಜೆಗೆ ಹೆಣ ಇಲ್ದೇ ಇರೋದು ಮರ್ಯಾದೆನಾ?"

ಗಾಡಿಯನ್ನು ಬಲಕ್ಕೆ ಸರಿಸಿ ಆಕ್ಸಿಲರೇಟರ್ ಸ್ವಲ್ಪ ಒತ್ತಿದೆ. ಸ್ವಲ್ಪವೇ! ಆಮೇಲೆ ಏನಾಯಿತೆಂದರೆ... ಏನೂ ಆಗಲಿಲ್ಲ. ಹನ್ನೊಂದಕ್ಕೆ ಸರಿಯಾಗಿ ಮ್ಯಾಲಕಿ ಚರ್ಚಿನಲ್ಲಿದ್ದ. ಬದುಕಿದ್ದಾಗ ಅವನು ಎಲ್ಲಿಗೂ ಹೊತ್ತಿಗೆ ಸರಿಯಾಗಿ ಬಂದವನಲ್ಲ. ಜನ ಬೆರಗಾಗಿ ಗಡಿಯಾರ ನೋಡಿಕೊಂಡರು. ನನ್ನ ಕರ್ತವ್ಯಪ್ರಜ್ಞೆಗೆ ಒಂದು ಪದಕ ಬರಬೇಕಿತ್ತು. ಬಂದದ್ದು ದಂಡದ ನೋಟೀಸು! ಪೊದೆಯ ಹಿಂದೆ, ಮೊಲ ಹೊಡೆಯುವವನ ಹಾಗೆ, ಕ್ಯಾಮೆರಾ ವ್ಯಾನು ಅವಿತು ಕೂತಿತ್ತಂತೆ! ಸತ್ತವರನ್ನೂ ಬಿಡದ ಸರ್ಕಾರ! ಹುಟ್ಟಿದ್ದಕ್ಕೆ ಕಾಗದ, ದುಡಿದದ್ದಕ್ಕೆ ತೆರಿಗೆ, ಸತ್ತು ನೆಮ್ಮದಿಯಾಗಿ ಮಲಗಿ ಹೋಗುತ್ತಿದ್ದರೆ ಅದಕ್ಕೂ ದಂಡ!

ಪೋಸ್ಟಿನವನು ಲಕೋಟೆಯ ಮೇಲಿನ ಮುದ್ರೆ ನೋಡಿದ್ದನಾದ್ದರಿಂದ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿತ್ತು. ಪಬ್ಬಿನಲ್ಲಿ ಒಬ್ಬೊಬ್ಬರದೂ ಒಂದೊಂದು ಪ್ರಶ್ನೆ.

"ಫಿಂಟನ್, ಮ್ಯಾಲಕಿಗೆ ಸೀಟ್ ಬೆಲ್ಟ್ ಹಾಕಿದ್ದ್ಯಾ?"

"ಫಿಂಟನ್, ತಿರುವಿನಲ್ಲಿ ಅವನು ಎದ್ದು ಕೂತ್ಕೊಂಡ್ನಂತೆ, ನಿಜವಾ?"

"ನಗಬೇಡ್ರಯ್ಯಾ, ನಾಳೆ ನಮ್ಮನ್ನೂ ಇವನೇ ಒಯ್ಯೋದು. ಹೆಲ್ಮೆಟ್ ಹಾಕಿ ಮಣ್ಣು ಮಾಡಿ ಅಂತ ಉಯಿಲಲ್ಲಿ ಬರೆದಿಡ್ಬೇಕು!"

ಡಿಂಪ್ನಾ ಬಿಯರ್ ಸುರಿಯುತ್ತ ಎಲ್ಲರಿಗಿಂತ ಜೋರಾಗಿ ನಕ್ಕಳು. ವ್ಯಾಪಾರ ಚೆನ್ನಾಗಿತ್ತು. ನನ್ನ ರಕ್ತ ಕುದಿಯುತ್ತಿತ್ತು. ಇನ್ನು ದಂಡ ಕಟ್ಟಿದರೆ ತಪ್ಪು ಒಪ್ಪಿಕೊಂಡ ಹಾಗೆ. ಕಟ್ಟುವುದೂ ದಂಡ, ಬದುಕಿದ್ದೂ ದಂಡ! ಹೋರಾಟವೊಂದೇ ದಾರಿ. ಮೊದಲಿಗೆ, ಆ ಕ್ಯಾಮೆರಾ ತೆಗೆದ ಚಿತ್ರ ಕೊಡಿ ಎಂದು ಬರೆದು ಹಾಕಿದೆ. ಚಿತ್ರ ಬಂತು. ನಾನು ಮತ್ತು ಡಿಂಪ್ನಾ ಅದನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ನೋಡಿದೆವು.

"ಫಿಂಟನ್," ಎಂದಳು ಅವಳು, "ಈ ಟ್ರಾಕ್ಟರ್ ಹಾರ್ತಿದೆ."

ನಿಜ. ರೈತರ ಸಂಘದ ಹೂವಿನ ಟ್ರಾಕ್ಟರ್ ಗಾಡಿಯ ನೆತ್ತಿಯಿಂದ ಒಂದು ಮೊಳ ಮೇಲೆ, ಸ್ವರ್ಗಾರೋಹಣದ ಭಂಗಿಯಲ್ಲಿತ್ತು.

"ಗಾಳಿ," ಎಂದೆ.

"ಕನ್ಸೆಪ್ಟಾ ಯಾಕೆ ಎರಡೂ ಕೈ ಮೇಲೆತ್ತಿದ್ದಾಳೆ?"

"ಪ್ರಾರ್ಥನೆ."

"ಬಾಯಿ ಕಿವಿ ತನಕ ತೆಗೆದಿದ್ದಾಳಲ್ಲ?"

"ದುಃಖ ಕಣೇ, ದುಃಖ! ಗಂಡ ಸತ್ತ ಹೆಂಗಸು ಬಾಯಿ ಬಡ್ಕೊಳ್ದೆ ಇನ್ನೇನು ಮಾಡ್ತಾಳೆ?"

ಹಾಗೆ ಹೇಳುತ್ತಿದ್ದಂತೆಯೇ ನನ್ನ ತಲೆಯಲ್ಲಿ ದೀಪ ಹೊತ್ತಿತು. ಕನ್ಸೆಪ್ಟಾಳೇ ನನ್ನ ಸಾಕ್ಷಿ! ಕರಿ ಉಡುಪಿನ ವಿಧವೆ ಕಟಕಟೆ ಹತ್ತಿ ಕಣ್ಣೊರೆಸಿಕೊಂಡರೆ ಯಾವ ಜಡ್ಜಿನ ಹೃದಯ ಕರಗುವುದಿಲ್ಲ? ಆ ಗಳಿಗೆಯೇ ಅವಳ ಮನೆಗೆ ಹೋದೆ. ಚಹಾ ಕೊಟ್ಟಳು, ಸೋಡಾ ಬ್ರೆಡ್ಡಿಗೆ ಬೆಣ್ಣೆ ಸವರಿ ಕೊಟ್ಟಳು.

"ಅಮ್ಮಾ, ನನ್ನ ಪರವಾಗಿ ಸಾಕ್ಷಿ ಹೇಳ್ತೀರಾ?"

"ಹೇಳ್ದೇ ಏನು ಮಗಾ? ನನಗೆ ಅಷ್ಟೆಲ್ಲ ಉಪಕಾರ ಮಾಡಿದ್ದೀಯ."

"ಜಾಸ್ತಿ ಏನೂ ಬೇಡ. ನಡೆದದ್ದನ್ನ ನಡೆದ ಹಾಗೆ ಹೇಳಿದ್ರೆ ಸಾಕು."

"ಒಂದಕ್ಷರ ಬಿಡಲ್ಲ," ಎಂದಳು ಕನ್ಸೆಪ್ಟಾ.

ಕೋರ್ಟಿನ ದಿನ ಬಂತು. ನಾನು ವೃತ್ತಿಯ ಕರಿ ಕೋಟನ್ನೇ ಹಾಕಿ ಹೋಗಿದ್ದೆ. ಊರಿನ ಅರ್ಧ ಜನ ಹಿಂದಿನ ಬೆಂಚುಗಳಲ್ಲಿ ಕೂತಿದ್ದರು, ಮ್ಯಾಲಕಿಯ ಪೂಜೆಗೂ ಅಷ್ಟು ಜನ ಬಂದಿರಲಿಲ್ಲ. ವಾರಪತ್ರಿಕೆಯ ಹುಡುಗಿ ಪೆನ್ಸಿಲ್ ಚೂಪು ಮಾಡಿಕೊಂಡು ಕಾಯುತ್ತಿದ್ದಳು. ವಕೀಲರನ್ನು ಇಟ್ಟುಕೊಂಡಿರಲಿಲ್ಲ. ನನಗಿಂತ ಚೆನ್ನಾಗಿ ಯಾರು ವಾದಿಸಬಲ್ಲರು?

ಜಡ್ಜಮ್ಮ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಏನು ಹೇಳ್ತೀರಿ, ಮಿಸ್ಟರ್ ಗೆರಟಿ?"

"ಜಡ್ಜ್, ನನ್ನ ಗಾಡಿಗೆ ವೇಗ ಅನ್ನೋದೇ ಗೊತ್ತಿಲ್ಲ! ಅದರ ಹಿಂದೆ ಕೋಲೂರಿಕೊಂಡು ನಡೆಯೋ ಮುದುಕರೂ, 'ಫಿಂಟನ್, ಸ್ವಲ್ಪ ಬೇಗ ಹೋಗಯ್ಯಾ,' ಅಂತ ಕೇಳ್ಕೋತಾರೆ! ಅಂಥ ಗಾಡಿ ಎಂಬತ್ತೇಳರಲ್ಲಿ ಹೋಯ್ತು ಅಂದ್ರೆ, ತಪ್ಪಿರೋದು ಗಾಡಿಯಲ್ಲಲ್ಲ, ಯಂತ್ರದಲ್ಲಿ!"

ಹಿಂದಿನ ಬೆಂಚಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಪೊಲೀಸ್ ಸಾರ್ಜೆಂಟ್ ಮಲ್‌ವಿಹಿಲ್ ಚಿತ್ರ ಹಿಡಿದು ಎದ್ದು ನಿಂತ.

"ಹಾಗಾದ್ರೆ ಈ ಹೂವಿನ ಟ್ರಾಕ್ಟರ್ ಯಾಕೆ ಹಾರ್ತಿದೆ?"

"ಗಾಳಿ."

"ಆವತ್ತು ಗಾಳಿ ಇತ್ತಾ?"

"ರಾಸ್‌ಕಾಮನ್ನಿನಲ್ಲಿ ಗಾಳಿ ಇಲ್ಲದ ದಿನ ಯಾವ್ದು ಅಂತ ಸಾರ್ಜೆಂಟ್ ಹೇಳ್ಲಿ, ಜಡ್ಜ್!"

ಸಾರ್ಜೆಂಟ್ ತಬ್ಬಿಬ್ಬಾದ. ಜಡ್ಜಮ್ಮ ಚಿತ್ರವನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ಯಂತ್ರವನ್ನು ಕೊನೆಯ ಸಲ ಪರೀಕ್ಷೆ ಮಾಡಿದ ಕಾಗದ ಕೊಡಿ ಎಂದರು. ಸಾರ್ಜೆಂಟ್ ಕಡತ ತಡಕಾಡಿದ, ಜೇಬು ತಡಕಾಡಿದ. "ಸ್ಟೇಷನ್ನಿನಲ್ಲೇ ಉಳೀತು ಅನ್ಸುತ್ತೆ, ಜಡ್ಜ್," ಎಂದು ಗೊಣಗಿದ.

"ಹಾಗಿದ್ರೆ ಇಲ್ಲಿ ಸ್ವಲ್ಪ ಅನುಮಾನಕ್ಕೆ ಎಡೆ ಇದೆ," ಎಂದರು ಜಡ್ಜಮ್ಮ. "ಮಿಸ್ಟರ್ ಗೆರಟಿ, ನೀವು ಇನ್ನೇನಾದ್ರೂ ಹೇಳೋದಿದ್ಯಾ? ಇಲ್ಲದಿದ್ರೆ ನಾನು..."

ಡಿಂಪ್ನಾ ಹಿಂದಿನಿಂದ ನನ್ನ ಕೋಟು ಹಿಡಿದು ಎಳೆದಳು. "ಕೂತ್ಕೋ," ಎಂದು ಪಿಸುಗುಟ್ಟಿದಳು. "ಗೆದ್ದಿದ್ದೀಯ. ಕೂತ್ಕೋ ಮಾರಾಯ!"

ಕೂರಬಹುದಿತ್ತು. ಕೂತಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಬರಿ ಅನುಮಾನದ ಮೇಲೆ ಗೆಲ್ಲುವುದು ಗೆರಟಿಗಳಿಗೆ ಒಪ್ಪುವ ಗೆಲುವೇ? ನನಗೆ ಬೇಕಿದ್ದದ್ದು ಡೋಲು ಬಡಿಯುವಂಥ ಗೆಲುವು!

"ನನ್ನ ಸಾಕ್ಷಿ ಇದ್ದಾರೆ, ಜಡ್ಜ್! ದಿವಂಗತರ ಪತ್ನಿ!"

ಕನ್ಸೆಪ್ಟಾ ಬೈಬಲ್ ಮುಟ್ಟಿ ಪ್ರಮಾಣ ಮಾಡಿ, ಕೈಚೀಲವನ್ನು ತೊಡೆಯ ಮೇಲಿಟ್ಟು ಕೂತಳು. ನಾನು ದನಿ ತಗ್ಗಿಸಿ, ಶವದ ಮುಂದೆ ಮಾತಾಡುವ ರೀತಿಯಲ್ಲಿ ಕೇಳಿದೆ.

"ಅಮ್ಮಾ, ಈ ಜಾಗದಲ್ಲಿ ನಾವು ಎಂಬತ್ತೇಳರಲ್ಲಿ ಹೋಗ್ತಿದ್ವಿ ಅಂತ ಯಂತ್ರ ಹೇಳುತ್ತೆ. ನೀವೇನು ಹೇಳ್ತೀರಿ?"

"ಶುದ್ಧ ಸುಳ್ಳು!" ಎಂದಳು ಕನ್ಸೆಪ್ಟಾ.

ನಾನು ಸಾರ್ಜೆಂಟನ ಕಡೆ ತಿರುಗಿ ನಕ್ಕೆ.

"ಅಲ್ಲಿ ಅವನು ಆಗ್ಲೇ ಬ್ರೇಕ್ ಹಾಕಿದ್ದ," ಎಂದು ಅವಳು ಮುಂದುವರಿಸಿದಳು. "ನಾನು ಮುಳ್ಳು ನೋಡ್ತಾನೇ ಇದ್ದೆ. ಹಿಂದಿನ ತಿರುವಿನಲ್ಲಿ ನೂರಾ ಹದಿನೈದಿತ್ತು!"

ಪತ್ರಿಕೆಯ ಹುಡುಗಿಯ ಪೆನ್ಸಿಲ್ ಸರಸರ ಓಡತೊಡಗಿತು.

"ಅಮ್ಮಾ, ಸಾಕು," ಎಂದೆ.

"ಇರು ಮಗಾ, ಒಂದಕ್ಷರ ಬಿಡಲ್ಲ ಅಂತ ಮಾತು ಕೊಟ್ಟಿದ್ದೀನಿ. ಜಡ್ಜ್ ತಾಯೀ, ಈ ಹುಡುಗನ ಹಾಗೆ ಗಾಡಿ ಓಡಿಸೋರನ್ನ ನಾನು ನೋಡೇ ಇಲ್ಲ. ಮೊದಲು ಆ ಹುಲ್ಲಿನ ಟ್ರಾಕ್ಟರ್ ಹಿಂದೆ ಹಾಕಿದ. ಆಮೇಲೆ ಹಾಲಿನ ಲಾರಿ. ಆಮೇಲೆ ಒಂದು ಕೆಂಪು ಕಾರು, ಅದರಲ್ಲಿ ಕಪ್ಪು ಕನ್ನಡಕದ ಹುಡುಗರು! ಮದುವೆಯಾದಾಗಿನಿಂದ ನಾನು ಯಾರನ್ನೂ ಹಿಂದೆ ಹಾಕಿದ್ದಿಲ್ಲ ತಾಯೀ. ಸೈಕಲ್‌ನವರು ನಮ್ಮನ್ನ ಹಿಂದೆ ಹಾಕಿ ತಿರುಗಿ ನೋಡೋರು. ಒಮ್ಮೆ ಒಂದು ಹೆಬ್ಬಾತು ಮರಿಗಳ ಸಮೇತ ನಮ್ಮನ್ನ ದಾಟಿಕೊಂಡು ಹೋಯ್ತು. ಅದಕ್ಕೇ ಎರಡೂ ಕೈ ಎತ್ತಿಬಿಟ್ಟೆ. ಹಿಂದಕ್ಕೆ ತಿರುಗಿ, 'ನೋಡು ಮ್ಯಾಲಕಿ, ರಸ್ತೆ ಇರೋದು ಇದಕ್ಕೆ!' ಅಂದೆ. ಅವರು ಏನೂ ಅನ್ನಲಿಲ್ಲ. ಮೊದಲನೇ ಸಲ 'ಮೆಲ್ಲಗೆ, ಮೆಲ್ಲಗೆ' ಅನ್ನಲಿಲ್ಲ."

ಹೀಗೆಂದು ಅವಳು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡಳು. ನಾನು ಬಯಸಿದ್ದ ಕಣ್ಣೀರೇ ಅದು. ಬಂದ ಹೊತ್ತು ಮಾತ್ರ ತಪ್ಪಿತ್ತು.

ಜಡ್ಜಮ್ಮ ಬಹಳ ಹೊತ್ತು ಮೇಜಿನ ಕೆಳಗೆ ಏನನ್ನೋ ಹುಡುಕಿದರು. ಮೇಲೆದ್ದಾಗ ಅವರ ಮುಖ ಬೀಟ್‌ರೂಟಿನಷ್ಟು ಕೆಂಪಾಗಿತ್ತು. "ಮಿಸ್ಟರ್ ಗೆರಟಿ," ಎಂದರು, "ನಾನು ಅನುಮಾನದ ಲಾಭ ಕೊಡೋಣ ಅಂತಿದ್ದೆ. ನಿಮ್ಮ ಸಾಕ್ಷಿ ಅನುಮಾನವನ್ನೇ ಉಳಿಸಲಿಲ್ಲ." ದಂಡ ದುಪ್ಪಟ್ಟಾಯಿತು. ಲೈಸೆನ್ಸಿನ ಮೇಲೆ ಬೀಳಬೇಕಿದ್ದ ಮೂರು ತಪ್ಪಿನ ಪಾಯಿಂಟು ಐದಾಯಿತು, ಅವು ತುಂಬಿದರೆ ಲೈಸೆನ್ಸೇ ರದ್ದು. ಇನ್ನೊಮ್ಮೆ ಹೀಗಾದರೆ ಗಾಡಿಗೆ ಮತ್ತೆ ಕುದುರೆ ಕಟ್ಟಬೇಕಾದೀತು ಎಂಬ ಬುದ್ಧಿಮಾತು ಪುಕ್ಕಟೆ.

ಹೊರಗೆ ಮೆಟ್ಟಿಲ ಮೇಲೆ ಕನ್ಸೆಪ್ಟಾ ನನಗಾಗಿ ಕಾಯುತ್ತಿದ್ದಳು. ನಾನು ಸಿಟ್ಟಿನಿಂದಲೇ ಅವಳತ್ತ ನಡೆದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು.

"ಚೆನ್ನಾಗಿ ಹೇಳಿದ್ನಾ ಮಗಾ?"

ಆ ಮುಖ ನೋಡಿ ನನ್ನ ಸಿಟ್ಟು ಅರ್ಧ ಇಳಿಯಿತು. "ಚೆನ್ನಾಗಿಯೇ ಹೇಳಿದ್ರಿ ಅಮ್ಮಾ," ಎಂದೆ. ವೃತ್ತಿಯ ಅಭ್ಯಾಸ ಎಲ್ಲಿ ಹೋಗುತ್ತದೆ? "ಮುಂದೆ, ದೇವರು ನೂರು ವರ್ಷ ಕೊಡಲಿ, ನಿಮ್ಮ ಸರದಿ ಬಂದಾಗಲೂ ನಿಮ್ಮನ್ನ ನಾನೇ ಕರ್ಕೊಂಡು ಹೋಗ್ತೀನಿ. ರಾಣಿಯ ಹಾಗೆ!"

ಕನ್ಸೆಪ್ಟಾ ಸಂಕೋಚದಿಂದ ಕೈ ಬಿಡಿಸಿಕೊಂಡಳು.

"ಬೇಜಾರು ಮಾಡ್ಕೋಬೇಡ ಫಿಂಟನ್. ಪಾಯಿಂಟು ಬಿದ್ದಿದೆಯಲ್ಲ, ಇನ್ನು ಮೇಲೆ ನೀನು ತೆವಳ್ತೀಯ. ನನಗೆ ತೆವಳಿದ್ದು ಸಾಕಾಗಿದೆ. ಸ್ಟ್ರೋಕ್ಸ್‌ಟೌನಿನಲ್ಲಿ ಹೊಸದಾಗಿ ಒಬ್ಬ ಹುಡುಗ ಶವಪೆಟ್ಟಿಗೆ ಅಂಗಡಿ ಹಾಕಿದ್ದಾನೆ, ಅವನ ಲೈಸೆನ್ಸ್ ಇನ್ನೂ ಕ್ಲೀನಾಗಿದೆ. ನಿನಗೆ ಪಾಯಿಂಟು ಬೀಳೋದು ಗ್ಯಾರಂಟಿ ಅಂತ, ಬೆಳಿಗ್ಗೆ ಬರೋವಾಗಲೇ ದಾರೀಲಿ ಇಳಿದು ಅವನ ಹತ್ರ ಹೆಸರು ಬರೆಸಿ ಬಂದೆ."