ತಂದೆಯಾಗಲು ನಾನು ಯೋಗ್ಯನಾದದ್ದು

ತಂದೆಯಾಗುವುದಕ್ಕೆ ಯೋಗ್ಯತೆ ಬೇಕೆಂಬ ಸಂಗತಿ ನನಗೆ ಬಹಳ ದಿನ ಗೊತ್ತಿರಲಿಲ್ಲ. ನಮ್ಮ ಇಳಕಲ್ಲಿನ ಪೇಟೆಯಲ್ಲಿ ಕುಡಿದು ಗಟಾರದಲ್ಲಿ ಬೀಳುವವರು, ಹೆಂಡತಿಯ ತಾಳಿಯನ್ನು ಒತ್ತೆಯಿಟ್ಟು ಕೋಳಿಕಾಳಗ ಆಡುವವರು, ತಮ್ಮ ಮೂಗನ್ನೇ ತಾವು ಒರೆಸಿಕೊಳ್ಳಲಾರದವರು ಎಲ್ಲರೂ ಸರಾಗವಾಗಿ ತಂದೆಯಾಗುತ್ತಿದ್ದರು. ಅವರನ್ನು ಯಾರೂ ಕರೆದು ಒಂದು ಮಾತು ಕೇಳಿದ್ದನ್ನು ನಾನು ನೋಡಲಿಲ್ಲ. ಹೆರದೆ ತಂದೆಯಾಗುತ್ತೇನೆ ಎಂದು ಬಾಯಿ ಬಿಟ್ಟವನಿಗೆ ಮಾತ್ರ ಊರೆಲ್ಲ ಪರೀಕ್ಷಕರು. ನಾನು ಸೀರೆ ಅಂಗಡಿಯವನು. ಹೆಂಗಸರು ಸೀರೆಯನ್ನು ಬೆಳಕಿಗೆ ಹಿಡಿಯುತ್ತಾರೆ, ಸೆರಗು ಜೋಡಿಸಿದ ಕಡೆ ಜಗ್ಗಿ ನೋಡುತ್ತಾರೆ, ಆಮೇಲೆ ಬೇಡವೆಂದು ಎದ್ದು ಹೋಗುತ್ತಾರೆ. ಹಾಗೆ ಜಗ್ಗಿಸಿಕೊಂಡಾಗ ಸೀರೆಗೆ ಹೇಗಾಗುತ್ತದೆ ಎಂಬುದು ಆ ವರ್ಷ ನನಗೆ ಚೆನ್ನಾಗಿ ತಿಳಿಯಿತು.

ಅದು ಪ್ಲೇಗಿನ ವರ್ಷ. ಊರೆಲ್ಲ ಮನೆಗೆ ಕೀಲಿ ಹಾಕಿ ಹೊಲಗಳಲ್ಲಿ ಜೋಪಡಿ ಕಟ್ಟಿಕೊಂಡಿತ್ತು. ನಮ್ಮ ಜೋಪಡಿಯ ಪಕ್ಕದಲ್ಲಿ ನಮ್ಮ ಮತದವನೇ ಆದ ಒಬ್ಬ ನೇಕಾರ, ಅವನ ಹೆಂಡತಿ, ಇನ್ನೂ ಮಾತು ತೊದಲುವ ಮಗಳು ನೀಲವ್ವ ಇದ್ದರು. ಗಂಡ ಹೋದ, ಬೆನ್ನಿಗೇ ಹೆಂಡತಿಯೂ ಹೋದಳು. ಆ ಜೋಪಡಿಯೊಳಗೆ ಕಾಲಿಡಲು ಎಲ್ಲರೂ ಹೆದರಿ ನಿಂತಾಗ, ನನ್ನ ನೂಲಿಗೆ ಬಣ್ಣ ಹಾಕುವ ಹುಸೇನಬಿ ಒಳಗೆ ಹೋಗಿ ಕೂಸನ್ನು ಎತ್ತಿಕೊಂಡು ಬಂದಳು. ನೇರವಾಗಿ ನಮ್ಮಲ್ಲಿಗೆ ಬಂದು ನನ್ನ ಹೆಂಡತಿ ಗೌರವ್ವನ ಉಡಿಯಲ್ಲಿ ಹಾಕಿ, "ನಿಮ್ಮ ಮಂದಿ ಕೂಸೈತಿ, ನೀವಽ ಜ್ವಾಪಾನ ಮಾಡ್ರಿ" ಎಂದಳು. ಗೌರವ್ವ ಹೆತ್ತ ಎರಡು ಕೂಸುಗಳು ಹೆಸರಿಡುವ ಮೊದಲೇ ಹೋಗಿದ್ದವು. ಅಂದು ಅವಳು ಉಡಿಯನ್ನು ಬಿಗಿಯಾಗಿ ಹಿಡಿದವಳು, ನಾವು ತಿರುಗಿ ಊರೊಳಗೆ ಬಂದ ಮೇಲೂ ಸಡಿಲು ಬಿಡಲಿಲ್ಲ.

ತಕರಾರು ಶುರುವಾದದ್ದು ನಮ್ಮ ಮನೆಯಲ್ಲೇ. ನನ್ನ ಅತ್ತಿಗೆಗೆ ಗಂಡು ಮಕ್ಕಳು ಹೆಚ್ಚಾಗಿದ್ದರು, ಅಂಗಡಿ ಕಡಿಮೆಯಾಗಿತ್ತು. ಮನೆಯ ರಕ್ತವಿರುವಾಗ ಹೊರಗಿನದು ಯಾಕೆ, ತನ್ನ ಎರಡನೆಯ ಮಗನನ್ನೇ ದತ್ತಕ ತೆಗೆದುಕೊಳ್ಳಿ ಎಂದು ಅವಳ ವಾದ. ದತ್ತಕದ ದಿನ ಮಗು ತಂದೆಯ ತೊಡೆಯ ಮೇಲೆ ಕೂಡಬೇಕಲ್ಲ, ಆ ಹುಡುಗನಿಗಾಗಲೇ ಮೀಸೆ ಚಿಗುರಿತ್ತು. ತೂಕದಲ್ಲಿ ನನ್ನ ಒಂದೂವರೆಯಷ್ಟಿದ್ದ. ಅವನು ನನ್ನ ಮೇಲೆ ಕೂತರೆ ಅವನಿಗೆ ತಂದೆ ಸಿಗುವ ಮೊದಲೇ ಗೌರವ್ವ ಗಂಡನನ್ನು ಕಳೆದುಕೊಳ್ಳುತ್ತಾಳೆ ಎಂದು ನಾನು ಹೇಳಿದ್ದಕ್ಕೆ ಅತ್ತಿಗೆ ಒಂದು ಹುಣ್ಣಿಮೆಯಿಂದ ಮುಂದಿನ ಹುಣ್ಣಿಮೆಯವರೆಗೆ ಮಾತು ಬಿಟ್ಟಳು. ಆ ತಿಂಗಳು ಮನೆ ತಣ್ಣಗಿತ್ತು.

ಆಮೇಲೆ ಪಂಚರು ಬಂದರು. ಹಿರಿಯರಾದ ಗುರುಸಿದ್ದಪ್ಪನವರು ನಮ್ಮ ಪಡಸಾಲೆಯಲ್ಲಿ ಕೂತು ಎಲೆ ಅಡಿಕೆ ಮೆಲ್ಲುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಸಿಟ್ಟು ಎಷ್ಟು, ನಿದ್ದೆ ಎಷ್ಟು, ದಿನಾ ಪೂಜೆ ಉಂಟೋ ಇಲ್ಲವೋ, ಎಲ್ಲ ಕೇಳಿದರು. ನನ್ನ ಗೊರಕೆಯ ವಿಷಯ ಗೌರವ್ವನನ್ನು ಕೇಳಿದಾಗ ಅವಳು, ಅದು ಇದ್ದರೆ ಕಳ್ಳರು ಬರುವುದಿಲ್ಲವೆಂದು ಜವಾಬು ಕೊಟ್ಟಳು. ಕಡೆಗೆ ಬಂದದ್ದು ನಿಜವಾದ ಪ್ರಶ್ನೆ. "ಅಲ್ಲಪಾ, ತೊಗೊಳ್ಳಾಂವ ನೀ ಇದ್ದಿ. ಕೊಡೋರು ಯಾರು?" ಹುಸೇನಬಿ ಕೊಟ್ಟಳು ಎಂದೆ. ಎಲ್ಲರೂ ಕೆಮ್ಮಿದರು. ಅವಳು ಹೆತ್ತವಳಲ್ಲ, ಎತ್ತಿದವಳು ಮಾತ್ರ ಎಂದರು.

ಬಾಗಲಕೋಟೆಯ ವಕೀಲರನ್ನು ಕೇಳೋಣವೆಂದು ಚಕ್ಕಡಿ ಕಟ್ಟಿಸಿಕೊಂಡು ಹುನಗುಂದದ ಹಾದಿ ಹಿಡಿದು ಹೋದೆ. ಅವರು ಮೂಗಿನ ಮೇಲಿನ ಚಾಳೀಸನ್ನು ಹಣೆಗೇರಿಸಿ, ಮಗುವನ್ನು ದತ್ತಕ ಕೊಡುವ ಅಧಿಕಾರ ಹೆತ್ತ ತಂದೆಗೆ, ಇಲ್ಲವೆ ತಾಯಿಗೆ ಮಾತ್ರ ಎಂದರು. ಇಬ್ಬರೂ ಸತ್ತಿದ್ದರೆ ಎಂದು ಕೇಳಿದೆ. ಕೊಡುವವರೇ ಇಲ್ಲವಾದ್ದರಿಂದ ತೆಗೆದುಕೊಳ್ಳಲು ಬರುವುದಿಲ್ಲ, ಮೇಲಾಗಿ ಹೆಣ್ಣು, ಹೆಣ್ಣಿಗೆ ದತ್ತಕವೇ ಇಲ್ಲ ಎಂದರು. ಅಂದರೆ ತಂದೆತಾಯಿ ಇರುವ ಕೂಸಿಗೆ ಇನ್ನೊಬ್ಬ ತಂದೆ ಸಿಗಬಹುದು, ಯಾರೂ ಇಲ್ಲದ ಕೂಸಿಗೆ ಒಬ್ಬನೂ ಸಿಗಲಾರ. ಇದನ್ನು ಬರೆದವರು ಬಹಳ ಓದಿದವರೇ ಇರಬೇಕು, ನನ್ನಂಥವನಿಗೆ ಹೊಳೆಯುವ ಮಾತಲ್ಲ.

ತಿರುಗಿ ಬಂದಾಗ ಗುರುಸಿದ್ದಪ್ಪನವರು ಕರುಣೆ ತೋರಿಸಿದರು. ಕೋರ್ಟು ಕೋರ್ಟಿನ ಪಾಲಿಗಿರಲಿ, ಕೂಸಿನ ರಕ್ತಸಂಬಂಧದವರು ಯಾರಾದರೂ ಬಂದು ಪಂಚರ ಎದುರಿಗೆ ನನ್ನ ತೊಡೆಯ ಮೇಲೆ ಇಟ್ಟರೆ ಮತದವರೆಲ್ಲ ಒಪ್ಪುತ್ತೇವೆ ಎಂದರು. ನಾನು ಹಿಗ್ಗಿ ಹೀರೆಕಾಯಿಯಾದೆ. ಗೌರವ್ವ ಹಿಗ್ಗಲಿಲ್ಲ. ಆಕೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತ, ತಲೆ ಎತ್ತದೆ, "ಹುಡುಕಬ್ಯಾಡ್ರಿ" ಎಂದಳು. ನಾಳೆ ಯಾರೂ ಬೆರಳು ತೋರಿಸಬಾರದು, ಎಲ್ಲ ರೀತಿ ಪ್ರಕಾರ ಆಗಬೇಕು ಎಂದು ನಾನು ವಾದಿಸಿದೆ. "ಯಾರ ಬೆರಳಿಗೆ ಅಂಜತೀರಿ ನೀವು? ಕೂಸು ಮನ್ಯಾಗ ಐತಿ" ಎಂದಳು. ಹೆಂಗಸರಿಗೆ ರೀತಿ ರಿವಾಜು ತಿಳಿಯುವುದಿಲ್ಲವೆಂದು ಅಂಗಡಿಗೆ ಹೋದೆ.

ಈ ನಡುವೆ ನನಗೆ ಇನ್ನೊಂದು ಸಂಕಟ ಗಂಟುಬಿದ್ದಿತ್ತು. ಮಗು ತೊಡೆಯ ಮೇಲೆ ಕೂತು ಅತ್ತರೆ ಅಪಶಕುನವಂತೆ. ನೀಲವ್ವ ಗೌರವ್ವನ ಮೇಲೆ ಕೂಡುತ್ತಿದ್ದಳು, ಹುಸೇನಬಿಯ ಮೇಲೆ, ಸೀರೆಯ ಗಂಟುಗಳ ಮೇಲೆ, ಕಡೆಗೆ ಅಂಗಡಿಯ ಬೆಕ್ಕಿನ ಮೇಲೂ ಕೂಡುತ್ತಿದ್ದಳು. ನನ್ನನ್ನು ಕಂಡರೆ ಮಾತ್ರ ಒಂದು ಗೇಣು ದೂರ. ಎಲುಬಿನ ಗೂಡಾದ ನನ್ನ ತೊಡೆಯ ಮೇಲೆ ಕಂಬಳಿ ಮಡಚಿ ಹಾಕಿಕೊಂಡು, ಅಂಗೈಯಲ್ಲಿ ಬೆಲ್ಲ ಹಿಡಿದು ಕಾಯುತ್ತಿದ್ದೆ. ಆಕೆ ಬಂದು ಬೆಲ್ಲ ತೆಗೆದುಕೊಂಡು, ಕಂಬಳಿಯನ್ನೂ ಎಳೆದುಕೊಂಡು ಹೋಗುತ್ತಿದ್ದಳು. ಒಂದು ಮಧ್ಯಾಹ್ನ ನಾನು ಗಿರಾಕಿಗೆ ಸೀರೆ ತೋರಿಸುತ್ತಿರುವಾಗ, ಕರೆಯದೆ, ಬೆಲ್ಲವಿಲ್ಲದೆ ತಾನಾಗಿಯೇ ಬಂದು ತೊಡೆಯ ಮೇಲೆ ಏರಿ ಅಲ್ಲೇ ನಿದ್ದೆ ಹೋದಳು. ಬೇಕಾದ ಸೀರೆ ಮೇಲಿನ ಗೂಡಿನಲ್ಲಿತ್ತು. ನಾನು ಏಳಲಿಲ್ಲ. ಗಿರಾಕಿ ಗೊಣಗುತ್ತ ಎದುರಿನ ಅಂಗಡಿಗೆ ಹೋದರು. ಕಾಲು ಜೋಮು ಹಿಡಿದು ಕಲ್ಲಾಯಿತು. ನನ್ನ ಇಡೀ ಆಯುಷ್ಯದಲ್ಲಿ ಅಷ್ಟು ಸುಖವಾಗಿ ನಾನು ಎಂದೂ ಕೂತಿಲ್ಲ.

ಅದಾದ ಮೇಲೆ ನನ್ನ ಹುಡುಕಾಟ ಇನ್ನೂ ಜೋರಾಯಿತು. ಸೀರೆ ಅಂಗಡಿಗೆ ಬಾರದ ಊರುಂಟೇ? ಬೇವೂರಿನಿಂದ ಬಂದವರನ್ನು ಕೇಳಿದೆ, ಬಾದಾಮಿಯವರನ್ನು ಕೇಳಿದೆ, ಬನಶಂಕರಿಯ ಬಳೆಗಾರ್ತಿಯನ್ನು ಕೇಳಿದೆ. ಕಡೆಗೆ ಐಹೊಳೆಯ ಒಬ್ಬ ಹೆಣ್ಣುಮಗಳು, ತಮ್ಮೂರಿನ ಮಲ್ಲವ್ವ ಎಂಬ ಮುದುಕಿಯ ಮಗಳನ್ನು ಇಳಕಲ್ಲಿನ ನೇಕಾರನಿಗೇ ಕೊಟ್ಟಿತ್ತೆಂದಳು. ಮಗಳು, ಅಳಿಯ, ಮೊಮ್ಮಗಳು ಮೂವರೂ ಪ್ಲೇಗಿನಲ್ಲಿ ಹೋದರೆಂಬ ಸುದ್ದಿ ಕೇಳಿ ಆ ಮುದುಕಿ ಅತ್ತು ಮುಗಿಸಿ, ಕೂಲಿನಾಲಿ ಮಾಡಿಕೊಂಡಿದ್ದಾಳೆ ಎಂದಳು. ಸುದ್ದಿ ತಂದವಳಿಗೆ ಸಂತೋಷದಿಂದ ಒಂದು ಕುಪ್ಪಸದ ಖಣವನ್ನು ಪುಕ್ಕಟೆ ಕೊಟ್ಟೆ. ನನ್ನ ಅಂಗಡಿಯಿಂದ ಪುಕ್ಕಟೆ ಹೋದ ಮಾಲು ಅದೊಂದೇ.

ಮಲ್ಲವ್ವನನ್ನು ಕರೆತರಲು ನಾನೇ ಚಕ್ಕಡಿ ಕಳಿಸಿದೆ. ಪಂಚರು ಬಂದರು, ಅತ್ತಿಗೆಯೂ ಮುಖ ಊದಿಸಿಕೊಂಡೇ ಬಂದಳು, ಹುಸೇನಬಿ ಬಾಗಿಲಾಚೆ ಕಟ್ಟೆಯ ಮೇಲೆ ಕೂತಳು. ಗೌರವ್ವ ಹೋಳಿಗೆ ಮಾಡಿ, ನೀಲವ್ವನಿಗೆ ಹಸಿರು ಪರಕಾರ ತೊಡಿಸಿದ್ದಳು. ನಾನು ಚಕ್ಕಂಬಕ್ಕಲ ಹಾಕಿಕೊಂಡು ಮಡಿಲ ಮೇಲೆ ಹೊಸ ಶಲ್ಯ ಹಾಸಿಕೊಂಡು ಕೂತೆ. ಗುರುಸಿದ್ದಪ್ಪನವರು ಮುದುಕಿಗೆ ಕೂಸನ್ನು ಎತ್ತಿ ನನ್ನ ತೊಡೆಯ ಮೇಲೆ ಇಡಲು ಹೇಳಿದರು. ಅವಳು ಎತ್ತಿಕೊಂಡಳು. ಮಗುವಿನ ಮುಖವನ್ನು ನೋಡಿದಳು, ಕಿವಿಯ ಹಿಂದಿನ ಮಚ್ಚೆ ನೋಡಿದಳು. ಆಮೇಲೆ ಇಡಲಿಲ್ಲ. ಎಲ್ಲರೂ ಕಾದರು. ನಾನು ಇನ್ನಷ್ಟು ಮುಂದಕ್ಕೆ ಸರಿದು ಕೂತೆ, ಪಾಪ ಮುದುಕಿಗೆ ನಿಲುಕುತ್ತಿಲ್ಲವೆಂದು.

"ಯಪ್ಪಾ, ಕೊಡಾಕಂತನಽ ಬಂದಿದ್ನಿ. ಎತ್ತಿದ ಮ್ಯಾಲೆ ಕೈ ಬಿಡವಲ್ಲವು" ಎಂದಳು ಮಲ್ಲವ್ವ.

ಸತ್ತಿತೆಂದು ಅತ್ತು ಮುಗಿಸಿದ ಕೂಸು ಮಗಳ ಮುಖ ಹೊತ್ತು ಕೈಗೆ ಬಂದಿದೆ. ಅದನ್ನು ಕಸಿದುಕೊಳ್ಳಲು ಯಾವ ಪಂಚರಿಗೆ ಬಾಯಿ ಬಂದೀತು? ನನಗೂ ಬರಲಿಲ್ಲ. ಆ ಮುದುಕಿಯ ಮೇಲೆ ಸಿಟ್ಟಾಗಬೇಕೆಂದು ಪ್ರಯತ್ನಪಟ್ಟೆ, ಅದೂ ಆಗಲಿಲ್ಲ. ಗೌರವ್ವ ಒಳಗೆ ಹೋಗಿ ಮಗುವಿನ ಬಟ್ಟೆ, ಹೋಳಿಗೆ ಎಲ್ಲವನ್ನೂ ಗಂಟು ಕಟ್ಟಿ ತಂದು ಮುದುಕಿಯ ಪಕ್ಕದಲ್ಲಿಟ್ಟು, "ಹಾಲಿಗೆ ಬೆಲ್ಲ ಹಾಕಿದ್ರ ಅಷ್ಟ ಕುಡೀತಾಳ್ರಿ" ಎಂದಳು. ಅಷ್ಟು ಹೇಳಿದವಳು ಮತ್ತೆ ಹೊರಗೆ ಬರಲಿಲ್ಲ. ಹೋಗುವಾಗ ಗುರುಸಿದ್ದಪ್ಪನವರು ನನ್ನ ಭುಜದ ಮೇಲೆ ಕೈಯಿಟ್ಟು, ಪಂಚರೆಲ್ಲರ ಒಪ್ಪಿಗೆಯಿದೆ, ನನ್ನಲ್ಲಿ ಯಾವ ಕುಂದೂ ಕಾಣಲಿಲ್ಲವೆಂದು ಹೇಳಿದರು. ನೀಲವ್ವ ಅವತ್ತು ಅಳಲೇ ಇಲ್ಲ. ಅಳು ಬಂದದ್ದು ನನಗೆ.

ಒಮ್ಮೆ ಗುಡಿ ನೋಡುವ ನೆಪ ಮಾಡಿಕೊಂಡು ಐಹೊಳೆಗೆ ಹೋಗಿದ್ದೆ. ಮಲ್ಲವ್ವ ಒಂದು ಹಳೆಯ ಗುಡಿಯಲ್ಲೇ ಒಲೆ ಹೂಡಿಕೊಂಡಿದ್ದಳು. ನನಗೆ ಮಜ್ಜಿಗೆ ಕೊಟ್ಟು ಉಪಚರಿಸಿದಳು. ನೀಲವ್ವ ಕಂಬದ ಹಿಂದೆ ನಿಂತು, ಈ ಎಲುಬಿನ ಮನುಷ್ಯ ಯಾರೆಂದು ನೋಡಿದಳು. ಒಂದು ಗೇಣಿದ್ದ ದೂರ ಈಗ ನಾಲ್ಕು ಮೊಳವಾಗಿತ್ತು. ಗೌರವ್ವನ ಮುಂದೆ ನಾನು ಗುಡಿಗಳ ವರ್ಣನೆಯನ್ನಷ್ಟೇ ಮಾಡಿದೆ.

ಗುರುಸಿದ್ದಪ್ಪನವರು ತೀರಿಕೊಂಡ ಮೇಲೆ ಅವರ ಜಾಗದಲ್ಲಿ ನನ್ನನ್ನು ಕೂರಿಸಿದ್ದಾರೆ. ದತ್ತಕದ ವಿಷಯದಲ್ಲಿ ಇಷ್ಟು ಅನುಭವವುಳ್ಳವನು ಇನ್ನೊಬ್ಬನಿಲ್ಲವಂತೆ. ಪ್ಲೇಗು ಹೋಗಿ ಹೋಗಿ ಬರುತ್ತದೆ, ಅದು ಬಂದಾಗಲೆಲ್ಲ ಯಾರೋ ಗಂಡಹೆಂಡಿರು ಯಾರದೋ ಕೂಸನ್ನು ಬಿಗಿಯಾಗಿ ಹಿಡಿದುಕೊಂಡು ನಮ್ಮ ಮುಂದೆ ಬಂದು ಕೂಡುತ್ತಾರೆ. ರಕ್ತಸಂಬಂಧದವರನ್ನು ಹುಡುಕಬೇಕೇ ಎಂದು ನನ್ನ ಮುಖ ನೋಡುತ್ತಾರೆ. ಬೇಡವೆನ್ನಲು ಬಾಯಿ ತೆರೆಯುತ್ತೇನೆ. ಅಷ್ಟರಲ್ಲಿ ಐಹೊಳೆಯ ಆ ಮುದುಕಿ ಕೂಸಿನ ಕಿವಿಯ ಹಿಂದೆ ನೋಡಿದ್ದು ನೆನಪಾಗುತ್ತದೆ. ಹುಡುಕಿರಿ ಎಂದುಬಿಡುತ್ತೇನೆ. ಮನೆಗೆ ಬಂದರೆ ಗೌರವ್ವ ತಾಟು ಇಡುತ್ತ, ಅವರಿಗೆ ಏನು ಹೇಳಿದಿರಿ ಎಂದು ಪ್ರತಿ ಸಲವೂ ಕೇಳುತ್ತಾಳೆ.

"ಹುಡುಕಬ್ಯಾಡ್ರಿ ಅಂತ ಹೇಳಿ ಬಂದೆ" ಎನ್ನುತ್ತೇನೆ.

"ಚಲೋ ಮಾಡಿದ್ರಿ" ಎಂದು ಅವಳು ಇನ್ನೊಂದು ರೊಟ್ಟಿ ಬಡಿಸುತ್ತಾಳೆ.